ಮುಖ ನೋಡದ ಮನೆಯವರು

ಇಲ್ಲ, ಅಪ್ಪನ ಕಣ್ಣು ಜೇನುಬಣ್ಣದ್ದು ಎಂದು ಈಗಷ್ಟೇ ಬರೆದದ್ದನ್ನು ಹೊಡೆದುಹಾಕಿದೆ. ಆ ಜೇನುಬಣ್ಣ ನನಗೆ ಎಲ್ಲಿಂದ ಬಂತೋ ತಿಳಿಯದು. ಮದುವೆಯ ಫೋಟೊದಿಂದ ಬಂದಿರಬಹುದು ಎಂದರೆ ಅದು ಕಪ್ಪು ಬಿಳುಪಿನದು. ಹೊಳೆನರಸೀಪುರದ ನಮ್ಮ ದಿನಸಿ ಅಂಗಡಿಯಲ್ಲಿ ಗಲ್ಲಾ ಮುಂದೆ ಕೂತ ಅಪ್ಪನ ಮುಖಕ್ಕೆ ಸಂಜೆಬಿಸಿಲು ಬಿದ್ದು ಕಣ್ಣು ಮಿನುಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ನಮ್ಮ ಅಂಗಡಿಯ ಬಾಗಿಲು ಪೂರ್ವಕ್ಕಿತ್ತು. ಅಲ್ಲಿಗೆ ಸಂಜೆಬಿಸಿಲು ಬಂದದ್ದೇ ಇಲ್ಲ. ಅಂದರೆ ಬಿಸಿಲನ್ನು ನಾನೇ ತಂದು ಹಾಕಿದ್ದೇನೆ. ಬಿಸಿಲು ತಂದವನು ಬಣ್ಣವನ್ನೂ ತಂದಿರಬಹುದು.

ಇಷ್ಟಕ್ಕೂ ಇದೇನು ಸಂಶೋಧನೆ ಮಾಡಬೇಕಾದ ವಿಷಯವಲ್ಲ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದಾರೆ, ಪೇಪರ್ ಓದುತ್ತಿದ್ದಾರೆ. ಎದ್ದುಹೋಗಿ ನೋಡಿ ಬಂದರೆ ಮುಗಿಯಿತು. ಎದ್ದೆ. ಬಾಗಿಲ ತನಕ ಹೋದೆ. ಅಪ್ಪ ತಲೆ ಎತ್ತುವ ಸೂಚನೆ ಕಂಡ ತಕ್ಷಣ, ಕ್ಯಾಲೆಂಡರ್ ನೋಡಲು ಬಂದವನಂತೆ ಗೋಡೆಯತ್ತ ತಿರುಗಿ, ಏಕಾದಶಿ ಯಾವತ್ತು ಎಂದು ತಿಳಿದುಕೊಂಡು ವಾಪಸು ಬಂದೆ. ನನಗೆ ಐವತ್ತೈದು ದಾಟಿದೆ. ಹಾಸನದ ಒಂದು ಹೈಸ್ಕೂಲಿನಲ್ಲಿ ಮೇಷ್ಟರು. ಏಕಾದಶಿಯಿಂದ ನನಗೆ ಆಗಬೇಕಾದ್ದು ಏನೂ ಇಲ್ಲ.

ಅಡುಗೆಮನೆಯಲ್ಲಿದ್ದ ಅವ್ವನನ್ನು ಕೇಳಿದೆ. ಐದು ದಶಕಕ್ಕೂ ಮಿಕ್ಕಿ ಸಂಸಾರ ಮಾಡಿದವಳಿಗೆ ಗೊತ್ತಿರಬೇಕಲ್ಲ.

"ಅಯ್ಯೋ, ಅವ್ರ ಕಣ್ಣ ನಾನ್ಯಾವಾಗ್ಲಾ ನೋಡ್ದೆ?" ಎಂದಳು ಅವ್ವ. "ತಟ್ಟೆ ನೋಡಿವ್ನಿ. ಎಷ್ಟ್ ಉಂಡ್ರು, ಏನ್ ಬುಟ್ರು, ಬೇಕಾರೆ ಅದ್ನ ಕೇಳು, ಯೋಳ್ತೀನಿ."

ಪಕ್ಕದಲ್ಲಿ ಅವರೆಕಾಳು ಇದುಕುತ್ತಾ ಕೂತಿದ್ದ ನನ್ನ ಹೆಂಡತಿಯನ್ನು ಕೇಳಲು ಧೈರ್ಯವಾಗಲಿಲ್ಲ. ಆದರೂ ಕೇಳಿದೆ: "ನನ್ನ ಕಣ್ಣು ಯಾವ ಬಣ್ಣ ಹೇಳು?" ಅವಳು ಕಾಳಿನಿಂದ ಕಣ್ಣೆತ್ತದೆ, "ಫ್ರೇಮು ಕಂದು," ಎಂದಳು.

ನಮ್ಮದು ಪ್ರೀತಿ ಇಲ್ಲದ ಮನೆ ಎಂದು ನೀವು ತಿಳಿಯಬಾರದು. ಪ್ರೀತಿ ಬೇಕಾದಷ್ಟಿದೆ. ಅದು ತಟ್ಟೆಯ ಕಡೆಗೋ ಬಸ್ ಸ್ಟ್ಯಾಂಡಿನ ಕಡೆಗೋ ಹೋಗುತ್ತದೆ, ಮುಖದ ಕಡೆಗೆ ಬರುವುದಿಲ್ಲ, ಅಷ್ಟೆ. ಅಪ್ಪ ಅಂಗಡಿಯಲ್ಲಿ ಇಡೀ ಊರಿಗೆ ಬೇಳೆ ತೂಗಿದವರು. ಗಿರಾಕಿಗಳನ್ನು ಅವರು ಗುರುತಿಸುತ್ತಿದ್ದದ್ದು ಕಾಲಿನಿಂದ. ಮೆಟ್ಟಿನ ಸದ್ದು ಕೇಳಿ, "ಏನಪ್ಪಾ, ಹಳ್ಳಿಮೈಸೂರ್ ಕಡೆ ಮಳೆ ಆಯ್ತಾ?" ಎಂದು ತಕ್ಕಡಿಯನ್ನೇ ಕೇಳುತ್ತಿದ್ದರು. ಬಂದವನೂ ತಕ್ಕಡಿಗೇ ಉತ್ತರ ಹೇಳುತ್ತಿದ್ದ. ಮಗಳ ಮದುವೆ, ಎಮ್ಮೆಯ ಸಾವು, ಮಗನ ಫೇಲು, ಎಲ್ಲವೂ ತಕ್ಕಡಿಯ ಮೂಲಕವೇ ನಡೆದುಹೋಗುತ್ತಿದ್ದವು. ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ನಮ್ಮಲ್ಲಿ ಕಣ್ಣಿಗೆ ಇದ್ದ ಕೆಲಸ ಒಂದೇ, ಬೇಡ ಎನ್ನುವುದು. ಚನ್ನರಾಯಪಟ್ಟಣದ ಚಿಕ್ಕಮ್ಮನ ಮನೆಗೆ ಹೋದಾಗ ಎರಡನೆಯ ಕಜ್ಜಾಯ ಬಂತೆಂದರೆ ನಾನು ಅವ್ವನ ಕಡೆ ನೋಡಬೇಕು. ಅವ್ವನ ರೆಪ್ಪೆ ಒಂದು ಕೂದಲೆಳೆಯಷ್ಟು ಇಳಿಯುತ್ತಿತ್ತು. ನಾನು "ಸಾಕು ಚಿಕ್ಕಮ್ಮ, ಹೊಟ್ಟೆ ತುಂಬಿದೆ" ಎನ್ನುತ್ತಿದ್ದೆ. ಚಿಕ್ಕಮ್ಮ ನನ್ನ ಮರ್ಯಾದೆಯನ್ನು ಮೆಚ್ಚಿಕೊಂಡು ಕಜ್ಜಾಯವನ್ನು ತನ್ನ ಮಗನಿಗೆ ಕೊಡುತ್ತಿದ್ದಳು. ಆ ಮಗ ಯಾರ ಕಣ್ಣನ್ನೂ ನೋಡದೆ ತಿನ್ನುತ್ತಿದ್ದ. ಈಗ ದಪ್ಪಗಿದ್ದಾನೆ, ಸುಖವಾಗಿದ್ದಾನೆ.

ಮೇಷ್ಟರಾದ ಮೇಲೆ ನಾನೂ ಇದೇ ವಿದ್ಯೆಯನ್ನು ಮುಂದುವರಿಸಿದೆ. ಹೋಂವರ್ಕ್ ಮಾಡದ ಹುಡುಗ ತಲೆ ತಗ್ಗಿಸಿ ನಿಂತರೆ "ಮುಖ ನೋಡಿ ಮಾತಾಡೋ" ಎನ್ನುತ್ತೇನೆ. ಅವನು ಪಾಪ, ಮುಖ ನೋಡುತ್ತಾನೆ. "ಏನೋ, ನನ್ನೇ ಗುರಾಯಿಸ್ತೀಯ?" ಎನ್ನುತ್ತೇನೆ. ಈ ಎರಡು ಆಜ್ಞೆಗಳ ನಡುವೆ ಅವನು ಎಲ್ಲಿ ನೋಡಬೇಕು ಎಂಬುದನ್ನು ಯಾವ ಬಿ.ಎಡ್. ಕಾಲೇಜಿನಲ್ಲೂ ನನಗೆ ಹೇಳಿಕೊಡಲಿಲ್ಲ. ಹುಡುಗರೇ ಕಂಡುಕೊಂಡಿದ್ದಾರೆ. ಅವರು ನನ್ನ ಹುಬ್ಬುಗಳ ನಡುವಿನ ವಿಭೂತಿಯನ್ನು ನೋಡುತ್ತಾರೆ.

ಭಾಷೆಯೂ ನಮ್ಮ ಮನೆಯಂಥದ್ದೇ ಇರಬೇಕು. ಕಣ್ಣು ಬಿಡುವುದು, ಕಣ್ಣು ಹಾಕುವುದು, ಕಣ್ಣು ತಪ್ಪಿಸುವುದು, ಕಣ್ಣು ಕೆಂಪಗೆ ಮಾಡುವುದು: ಒಂದರಲ್ಲೂ ಒಳ್ಳೆಯ ಉದ್ದೇಶ ಕಾಣುವುದಿಲ್ಲ. ಕಣ್ತುಂಬ ನೋಡುವುದು ಅಂತೊಂದು ಇದೆ, ನಿಜ. ಅದನ್ನು ದೇವರಿಗೆ ಮತ್ತು ದೂರ ಹೊರಟುನಿಂತವರಿಗೆ ಮೀಸಲಿಟ್ಟಿದ್ದೇವೆ. ಮನೆಯಲ್ಲೇ ಇರುವವರನ್ನು ಕಣ್ತುಂಬ ನೋಡಲು ಹೋದರೆ "ಯಾಕೆ, ಉಷಾರಿಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಮಗುವಿನ ಕೆನ್ನೆಗೆ ನಾವಿಡುವ ಕಾಡಿಗೆಯ ಬೊಟ್ಟನ್ನೇ ನೋಡಿ. ಬಂದವರ ಕಣ್ಣು ಮಗುವಿನ ಕಣ್ಣಿಗೆ ತಾಗದಿರಲಿ, ಬೊಟ್ಟಿನ ಮೇಲೆ ಜಾರಿ ಬೀಳಲಿ ಎನ್ನುವುದಕ್ಕೆ ಅದು.

ನಮ್ಮ ಚಿನ್ನುವಿಗೆ ಅವ್ವ ಇಡುತ್ತಿದ್ದ ಬೊಟ್ಟು ನಾಲ್ಕಾಣೆಯಷ್ಟಿತ್ತು. ಚಿನ್ನು ನನ್ನ ಮಗಳು ಸಿಂಧುವಿನ ಮಗ, ಚಿನ್ಮಯ. ಅವಳನ್ನು ಅರಕಲಗೂಡಿಗೆ ಕೊಟ್ಟಿದ್ದೇವೆ. ಅವನಿಗೆ ಎರಡು ತುಂಬಿ ಮೂರು ನಡೆಯುತ್ತಿದ್ದಾಗ ಸಿಂಧು, ಅವಳ ಮಾವ ಅಂದರೆ ನಮ್ಮ ಬೀಗರು, ಜೊತೆಗೆ ನಾನು, ಅವನನ್ನು ಹಾಸನದ ಮಕ್ಕಳ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಇನ್ನೂ ಮಾತು ಬಂದಿರಲಿಲ್ಲ. ಕಿವಿ ಸರಿಯಾಗಿದೆ ಎಂದು ಪರೀಕ್ಷೆ ಮಾಡಿಸಿಯಾಗಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯವರು. ಒಂದೊಂದಾಗಿ ಕೇಳುತ್ತಾ ಬಂದವರು, "ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ?" ಎಂದರು.

ಬೀಗರ ಮುಖ ಅರಳಿತು. "ಎಲ್ಲಾದ್ರೂ ಉಂಟಾ ಮೇಡಂ! ದೊಡ್ಡೋರ್ ಮುಂದೆ ತಲೇನೇ ಎತ್ತಲ್ಲ. ಭಾರೀ ಮರ್ಯಾದಸ್ತ. ನಮ್ ಮನೆತನಾನೇ ಅಂಗೆ ಕಣಮ್ಮ, ಇವ್ನಿಗೆ ನಾವೇನೂ ಯೋಳ್ಕೊಟ್ಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಮ್ಮನ್ನಲ್ಲ ಯಜಮಾನ್ರೇ. ಅವನ ಅಮ್ಮನನ್ನ ನೋಡ್ತಾನಾ?"

ನಾವಿಬ್ಬರೂ ಸಿಂಧುವಿನ ಕಡೆ ತಿರುಗಿದೆವು. ಸಿಂಧು ನೆಲ ನೋಡಿದಳು. ಅವಳೂ ನಮ್ಮ ಮನೆಯವಳೇ. "ಗೊತ್ತಿಲ್ಲ ಮೇಡಂ," ಎಂದಳು. ಮಗುವಿನ ಅಂಗಿಯ ಗುಂಡಿ ಹಾಕುತ್ತಾ, "ನಾವು ಅದನ್ನ ಗಮನಿಸೇ ಇಲ್ಲ," ಎಂದಳು.

ಅಲ್ಲಿ ಕೂತು ನನಗೆ ಹೊಳೆದದ್ದು ಇಷ್ಟು. ಈ ಮಗುವಿನ ಕೆನ್ನೆ ನನಗೆ ಗೊತ್ತು, ಬೊಟ್ಟು ಗೊತ್ತು, ಅಂಗಾಲಿನ ಗೆರೆ ಗೊತ್ತು, ನಿದ್ದೆಯಲ್ಲಿ ಎಡಗೈ ಮುಷ್ಟಿ ಹಿಡಿಯುವುದೂ ಗೊತ್ತು. ಅವನು ನನ್ನನ್ನು ನೋಡುತ್ತಾನೋ ಇಲ್ಲವೋ ಗೊತ್ತಿಲ್ಲ. ಬೇರೆ ಮನೆಯವರಾಗಿದ್ದರೆ ಯಾವತ್ತೋ ಕಂಡುಹಿಡಿದು ಗಾಬರಿಯಾಗುತ್ತಿದ್ದರು. ನಾವು ಅವನ ವಿನಯವನ್ನು ಬಂದವರ ಮುಂದೆಲ್ಲ ಹೊಗಳಿಕೊಂಡು ತಿರುಗಿದ್ದೆವು.

ಡಾಕ್ಟರು ಹೆದರಿಸಲಿಲ್ಲ. ಆಟಿಸಂ ಇರಬಹುದು, ಇಲ್ಲದೆಯೂ ಇರಬಹುದು, ಈಗಲೇ ಹೇಳಲಾಗದು, ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ, ಅವನ ಜೊತೆ ನೆಲದ ಮೇಲೆ ಕೂತು ಆಡಿ ಎಂದರು. "ನೋಡು ನೋಡು ಅಂತ ಬಲವಂತ ಮಾಡಬೇಡಿ," ಎಂದೂ ಹೇಳಿದರು. ಈ ಕೊನೆಯ ಮಾತನ್ನು ನಮ್ಮಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿಂಧು ಮಗುವಿನೊಂದಿಗೆ ನಮ್ಮ ಮನೆಯಲ್ಲೇ ಉಳಿದಳು. ಮಾರನೆಯ ಬೆಳಗಿನಿಂದ, ತಲೆತಲಾಂತರದಿಂದ ಯಾರ ಮುಖವನ್ನೂ ನೋಡದಿದ್ದ ಮನೆ ಒಬ್ಬ ಪುಟ್ಟ ಹುಡುಗನ ಮುಖವನ್ನು ನೋಡಲು ಮುಗಿಬಿತ್ತು. ನನ್ನ ಹೆಂಡತಿ ಹಣೆಗೆ ರೂಪಾಯಿಯಗಲ ಕುಂಕುಮ ಇಟ್ಟುಕೊಂಡಳು, ಅದನ್ನು ನೋಡುವ ನೆಪದಲ್ಲಾದರೂ ನೋಡಲಿ ಎಂದು. ಅವ್ವ ಗಿಲಕಿಯನ್ನು ಮೂಗಿನ ತುದಿಗೆ ಹಿಡಿದು "ಇಲ್ನೋಡ್ಲಾ ನನ್ ಬಂಗಾರ, ಇಲ್ನೋಡ್ಲಾ" ಎಂದು ಮನೆಯೆಲ್ಲ ಅವನ ಹಿಂದೆ ಓಡಾಡಿದಳು. ನಾನು ಕನ್ನಡಕ ತೆಗೆದು ಪ್ರಯತ್ನಿಸಿದೆ. ಕನ್ನಡಕ ತೆಗೆದರೆ ಅವನು ನನಗೇ ಕಾಣುತ್ತಿರಲಿಲ್ಲ. ಅರಕಲಗೂಡಿನಿಂದ ಬೀಗರು ದಿನಾ ಬೆಳಿಗ್ಗೆ ಫೋನ್ ಮಾಡಿ, ಕ್ರಿಕೆಟ್ ಸ್ಕೋರ್ ಕೇಳುವಂತೆ, "ಮೇಷ್ಟ್ರೇ, ಇವತ್ತು ನೋಡುದ್ನಾ?" ಎನ್ನುತ್ತಿದ್ದರು. ಅವರ ದನಿಯಲ್ಲಿ ಮೊದಲಿನ ಜಂಬವಿರಲಿಲ್ಲ. ತಾವು ಅಷ್ಟು ದಿನ ಹೊಗಳಿದ್ದು ಯಾವುದನ್ನು ಎಂದು ಅವರಿಗೂ ಚುಚ್ಚುತ್ತಿದ್ದಿರಬೇಕು.

ಸಿಂಧು ಬಿಸ್ಕತ್ತನ್ನು ತನ್ನ ಎರಡು ಕಣ್ಣುಗಳ ನಡುವೆ ಹಿಡಿದು ಕೂರುತ್ತಿದ್ದಳು. "ಚಿನ್ನು, ಅಮ್ಮನ್ನ ನೋಡು. ನೋಡಿದ್ರೆ ಕೊಡ್ತೀನಿ." ಅವನು ಎಲ್ಲೋ ನೋಡುತ್ತಾ ಕೈಯಷ್ಟೇ ಚಾಚಿ ಬಿಸ್ಕತ್ತನ್ನು ಸರಿಯಾಗಿ ಹಿಡಿದುಕೊಂಡು ಹೋಗುತ್ತಿದ್ದ. ಮರದಿಂದ ಹಣ್ಣು ಕಿತ್ತ ಹಾಗೆ. ಹಣ್ಣು ಕೀಳುವವರು ಮರದ ಮುಖ ನೋಡುವುದಿಲ್ಲವಲ್ಲ.

ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಹರವುತ್ತಾ ಅವಳು ನನ್ನನ್ನು ಕೇಳಿದಳು. ಈ ನೆನಪು ಮಾತ್ರ ನಾನು ಎಷ್ಟು ಒರೆಸಿದರೂ ಅಳಿಯುವುದಿಲ್ಲ, ಆದ್ದರಿಂದ ನಿಜವಿರಬೇಕು. ಅಥವಾ ತುಂಬಾ ಒರೆಸಿದ್ದಕ್ಕೇ ಹೊಳೆಯುತ್ತಿರಬಹುದು. "ಅಪ್ಪಾಜಿ, ಅವನಿಗೆ ನಾನು ಬೇರೆ, ಆ ಕುರ್ಚಿ ಬೇರೆ ಅಂತ ಗೊತ್ತಾ?" ಎಂದಳು. "ಮಾತು ನಿಧಾನ ಆಗ್ಲಿ, ಪರವಾಗಿಲ್ಲ. ಒಂದೇ ಒಂದ್ಸಲ ನನ್ನ ನೋಡಿ, ಓ ಇವಳು ನಮ್ಮಮ್ಮ ಅಂತ ಗೊತ್ತಾಯ್ತು ಅಂದ್ರೆ ಸಾಕು ನಂಗೆ." ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಒದ್ದೆ ಲಂಗೋಟಿಯನ್ನು ಝಾಡಿಸುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ. ಕ್ಲಿಪ್ಪುಗಳ ಡಬ್ಬಿ ಹಿಡಿದಿದ್ದೆ. ಅವಳು ಕೈ ಚಾಚಿದಾಗಲೆಲ್ಲ ಒಂದು ಕ್ಲಿಪ್ಪು ಕೊಟ್ಟೆ. ನನಗೆ ತಿಳಿದ ಉತ್ತರ ಅಷ್ಟೇ.

ಈ ಗದ್ದಲದಲ್ಲಿ ಸೇರದಿದ್ದವರು ಅಪ್ಪ ಒಬ್ಬರೇ. ಅವರಿಗೆ ಇದೆಲ್ಲ ನೋಡಿ ಸಿಟ್ಟೇ ಬಂದಿತ್ತು. "ಅದೇನ್ ಕೂಸೋ, ಟೇಸನ್ನಾಗೆ ಕುಂತಿರೋ ಕಳ್ಳನೋ? ಒಬ್ಬರಾದ್ಮೇಲೆ ಒಬ್ರು ಮಕಕ್ಕೆ ಮಕ ಕೊಟ್ಟು ಎದರಿಸ್ತಿದೀರಲ್ಲ! ನಾನಾಗಿದ್ರೂ ನೋಡ್ತಿರ್ಲಿಲ್ಲ ಕಣ್ರಲಾ," ಎಂದು ಒಂದು ಸಲ ಗದರಿ ಪೇಪರಿಗೆ ಮರಳಿದರು.

ಅಪ್ಪ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಲಿಂಗಪೂಜೆಗೆ ಕೂರುತ್ತಾರೆ. ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ನೀರೆರೆದು, ವಿಭೂತಿ ಹಚ್ಚಿ, ಒಂದು ಬಿಲ್ವಪತ್ರೆ ಏರಿಸಿ, ಎಡ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅದನ್ನೇ ನೋಡುತ್ತಾರೆ. ಎವೆಯಿಕ್ಕದೆ ನೋಡಬೇಕು ಎಂದು ಕ್ರಮ. ಲಿಂಗಕ್ಕೆ ಹೊದಿಸಿದ ಕಪ್ಪು ಲೇಪದ, ಆ ಕಂತಿಯ, ನುಣುಪಿನ ಮೇಲೆ ದೀಪದ ಒಂದು ಚುಕ್ಕಿ ಬೆಳಕು ಕೂತಿರುತ್ತದೆ. ಈ ಮನುಷ್ಯ ಜೀವಮಾನದಲ್ಲಿ ಯಾರನ್ನೂ ದಿಟ್ಟಿಸಿ ನೋಡಿದ್ದಿಲ್ಲ ಎಂದು ಇಷ್ಟು ಹೊತ್ತು ಬರೆದೆನಲ್ಲ, ಅದು ಪೂರ್ತಿ ಸರಿಯಲ್ಲ. ದಿನಾ ನೋಡುತ್ತಾರೆ. ಮನುಷ್ಯರನ್ನಲ್ಲ, ಅಷ್ಟೆ. ನಮ್ಮ ಪಾಲಿಗೆ ಬರಬೇಕಾದ ನೋಟವೆಲ್ಲ ಆ ಅಂಗೈಗೆ ಹೋಯಿತೇ ಎಂದು ಹರೆಯದಲ್ಲಿ ನನಗೆ ಸಣ್ಣ ಹೊಟ್ಟೆಕಿಚ್ಚಿತ್ತು.

ಚಿನ್ನು ಒಂದು ಬೆಳಿಗ್ಗೆ ತಾನಾಗಿಯೇ ಹೋಗಿ ಅಪ್ಪನ ಬಲಗಡೆ ಕೂತ. ಎದುರಿಗಲ್ಲ, ಪಕ್ಕದಲ್ಲಿ, ಭುಜಕ್ಕೆ ತಲೆ ತಾಗುವಂತೆ. ಅಪ್ಪ ಅಂಗೈಯಲ್ಲಿ ನೋಡುತ್ತಿದ್ದ ಚುಕ್ಕಿ ಬೆಳಕನ್ನು ಅವನೂ ನೋಡಿದ. ಮುಟ್ಟಲಿಲ್ಲ, ಕದಲಲಿಲ್ಲ. ಅಪ್ಪ ಪೂಜೆ ಮುಗಿಸಿ ಅವನ ಹಣೆಗೂ ಒಂದು ಗೆರೆ ವಿಭೂತಿ ಎಳೆದರು. ಮಾರನೆಯ ದಿನವೂ ಹೋಗಿ ಕೂತ. ಆಮೇಲೆ ಅದು ಅಭ್ಯಾಸವಾಯಿತು.

ಬಾಗಿಲಲ್ಲಿ ನಿಂತು ಇದನ್ನು ನೋಡಿದ ಸಿಂಧು ಒಂದು ಬೆಳಿಗ್ಗೆ, ಸ್ವಲ್ಪ ನಿಷ್ಠುರವಾಗಿಯೇ, "ತಾತ, ನಿಮ್ಮನ್ನಾದ್ರೂ ನೋಡ್ತಾನಾ ಅವನು?" ಎಂದಳು. ಆಗ ಅಪ್ಪ ಹೀಗೆ ಹೇಳಿದರು: "ನಾನು ಉಡುಗ ಆಗಿದ್ದಾಗಿಂದ ಈ ಲಿಂಗವ ನೋಡ್ತಿವ್ನಿ ಕಣವ್ವ. ಅದು ಯಾವತ್ತಾದ್ರೂ ತಿರುಗಿ ನನ್ನ ನೋಡದಾ? ನಾನು ಕೇಳೇ ಇಲ್ಲ."

ಎಷ್ಟು ಚೆಂದದ ಮಾತು ಅಲ್ಲವೇ? ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಒಂದು ಬೀಳ್ಕೊಡುಗೆ ಭಾಷಣದಲ್ಲೂ ಬಳಸಿದ್ದೇನೆ. ತೊಂದರೆಯೆಂದರೆ, ಅಪ್ಪ ಅಂಥ ಮಾತನ್ನೇ ಆಡಿಲ್ಲ ಎನ್ನುತ್ತಾಳೆ ಸಿಂಧು. ಅವಳ ಪ್ರಕಾರ ತಾತ ಅವತ್ತು ಹೇಳಿದ್ದು, "ಮಗೀಗೆ ಸೆಕೆ ಆಯ್ತದೆ, ಸ್ವೆಟರ್ ಬಿಚ್ಚು." ನಾನು ಅಲ್ಲೇ ಇದ್ದೆ ಎಂದರೆ, "ನೀವು ಸ್ಕೂಲಿಗೆ ಹೋಗಿದ್ರಿ ಅಪ್ಪಾಜಿ," ಎನ್ನುತ್ತಾಳೆ. ಅಪ್ಪನನ್ನೇ ಕೇಳಿದೆ. "ಏನಂದ್ನೋ, ಯಾವನಿಗ್ ಗ್ಯಾಪ್ಕ," ಎಂದರು ಪೇಪರಿಗೆ. ಯಾರ ನೆನಪು ಸರಿ ಎಂದು ತೀರ್ಮಾನಿಸುವ ಹಕ್ಕು ನನಗಿಲ್ಲ. ಅಂಗಡಿಗೆ ಸಂಜೆಬಿಸಿಲು ತಂದವನು ನಾನು. ಆದರೆ ಎರಡು ಮಾತುಗಳಲ್ಲಿ ಯಾವುದನ್ನು ಆಡಿದ್ದರೂ ಅಪ್ಪನಿಗೆ ಒಪ್ಪುತ್ತಿತ್ತು. ಸ್ವೆಟರಿನ ಮಾತು ಸ್ವಲ್ಪ ಹೆಚ್ಚೇ ಒಪ್ಪುತ್ತದೆ.

ಏನೇ ಆಗಲಿ, ಸಿಂಧು ಬಿಸ್ಕತ್ತನ್ನು ಕಣ್ಣಿನ ನಡುವೆ ಹಿಡಿಯುವುದನ್ನು ಬಿಟ್ಟಳು. ಅವನು ತಟ್ಟೆ ತಿರುಗಿಸುತ್ತಾ ಕೂತರೆ ಅವಳೂ ಪಕ್ಕದಲ್ಲಿ ಕೂತು ಇನ್ನೊಂದು ತಟ್ಟೆ ತಿರುಗಿಸುತ್ತಿದ್ದಳು. ಅವನು ಫ್ಯಾನಿನ ಕೆಳಗೆ ಅಂಗಾತ ಮಲಗಿದರೆ ಅವಳೂ ಮಲಗಿ ಫ್ಯಾನ್ ನೋಡುತ್ತಿದ್ದಳು. ಡಾಕ್ಟರು ಮೊದಲ ದಿನವೇ ಹೇಳಿದ್ದು ಇದನ್ನೇ. ಆದರೆ ಡಾಕ್ಟರು ಹೇಳಿದ್ದನ್ನು ಒಪ್ಪಿಕೊಳ್ಳಲು ನಮಗೆ ಮನೆಯವರ ಪೈಕಿ ಒಬ್ಬರಾದರೂ ಮಾಡಿ ತೋರಿಸಬೇಕಿತ್ತು.

ಆಸೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಅದು ನನಗೆ ತಿಳಿದದ್ದು ಹಿರೀಸಾವೆ ಹತ್ತಿರದ ಒಂದು ಛತ್ರದಲ್ಲಿ. ನನ್ನ ಸಹೋದ್ಯೋಗಿಯ ಮಗಳ ಮದುವೆಗೆ ಅವಳೂ ಮಗುವೂ ನನ್ನ ಜೊತೆ ಬಂದಿದ್ದರು. ಮುಹೂರ್ತದ ಹೊತ್ತು. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿದ್ದರು. ಪರದೆ ಸರಿದ ಕೂಡಲೇ ಇಬ್ಬರೂ ಮೊದಲ ಸಲ ಮುಖ ನೋಡಿಕೊಂಡು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಬೇಕು. ಈ ಇಬ್ಬರು ಮೂರು ವರ್ಷ ಒಂದೇ ಆಫೀಸಿನಲ್ಲಿ ಎದುರುಬದುರು ಕೂತವರು. ಆದರೂ ಪರದೆ ಸರಿದಾಗ ಹುಡುಗಿಯ ಮುಖ ನಿಜವಾಗಿಯೂ ಕೆಂಪಾಯಿತು. ಆ ಹೊತ್ತಿಗೆ ಸರಿಯಾಗಿ ಫೋಟೊಗ್ರಾಫರ್, "ಸಾ, ಸಾ, ಪೋಕಸ್ ಓಗ್ಬುಡ್ತು! ಪರದೆ ಇನ್ನೊಂದ್ಸಲ ಎತ್ತಿ, ಅಂಗೇ ಫಸ್ಟ್ ಟೈಮ್ ನೋಡ್ದಂಗೆ ನೋಡಿ!" ಎಂದು ಕೂಗಿದ. ಪುರೋಹಿತರು ಗೊಣಗುತ್ತಾ ಪರದೆ ಹಿಡಿದರು. ಇಬ್ಬರೂ ಎರಡನೆಯ ಸಲ ಮೊದಲ ಸಲ ನೋಡಿಕೊಂಡರು. ಛತ್ರವೆಲ್ಲ ನಕ್ಕಿತು. ಸಿಂಧುವೂ ನಕ್ಕಳು. ಆಮೇಲೆ ಮಡಿಲಲ್ಲಿದ್ದ ಚಿನ್ನುವಿನ ನೆತ್ತಿಯ ಮೇಲೆ ಗಲ್ಲ ಇಟ್ಟುಕೊಂಡು, "ಇವರಿಗೆ ಎರಡೆರಡು ಸಲ," ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ನಾನು ಎದ್ದು, ಊಟದ ಪಂಕ್ತಿ ಎಷ್ಟು ಮುಂದೆ ಬಂದಿದೆ ಎಂದು ನೋಡಲು ಹೋದೆ.

ವಾಪಸು ಬಸ್ಸಿನಲ್ಲಿ ಸಿಂಧು ಮಗುವನ್ನು ಎತ್ತಿಕೊಂಡು ಕಿಟಕಿ ಪಕ್ಕ ಕೂತಳು. ನಾನು ಅವಳ ಹಿಂದಿನ ಸೀಟಿನಲ್ಲಿದ್ದೆ. ಚಳಿಗೆ ಗಾಜು ಎಳೆದಿತ್ತು. ಚನ್ನರಾಯಪಟ್ಟಣ ದಾಟುವಾಗ ಹೊತ್ತು ಮುಳುಗಿ ಕಂಡಕ್ಟರ್ ಒಳಗಿನ ದೀಪ ಹಾಕಿಸಿದ. ಹಾಕಿದ ತಕ್ಷಣ ಹೊರಗಿನ ಹೊಲ, ತೋಟ ಎಲ್ಲ ಅರ್ಧ ಮಾಯವಾಗಿ, ಕಿಟಕಿಯ ಗಾಜಿನಲ್ಲಿ ನಾವು ಮೂಡಿದೆವು. ಚಿನ್ನು ಅಮ್ಮನ ಎದೆಗೆ ಬೆನ್ನು ಕೊಟ್ಟು ಗಾಜಿನತ್ತ ಮುಖ ಮಾಡಿ ಕೂತಿದ್ದ. ಗಾಜಿನಲ್ಲಿ ಅವನ ಮುಖ, ಅದರ ಮೇಲೆ ಸಿಂಧುವಿನ ಮುಖ. ಅವನ ಕಣ್ಣು ಅಲೆಯುವುದನ್ನು ನಿಲ್ಲಿಸಿ ಸ್ವಲ್ಪ ಮೇಲೆ ಒಂದು ಕಡೆ ನಿಂತಿತು. ಸಿಂಧು ಉಸಿರು ಹಿಡಿದದ್ದು ಅವಳ ಭುಜದಲ್ಲಿ ಗೊತ್ತಾಯಿತು.

"ಅಪ್ಪಾಜಿ," ಎಂದಳು ತಿರುಗದೆ, ಮೆಲ್ಲಗೆ. "ನೋಡಿದ್ರಾ? ಗಾಜಲ್ಲಿ ನನ್ನೇ ನೋಡ್ದ, ಅಲ್ವಾ?"

ಹೂಂ ಎಂದುಬಿಡಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಅದೊಂದೇ, ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ನಾನು ಕೂತ ಕಡೆಯಿಂದ ಅವನ ನೋಟ ಅವಳ ಮುಖದ ಮೇಲಿತ್ತೋ, ಅದರಾಚೆ ಓಡುತ್ತಿದ್ದ ಯಾವುದೋ ದೀಪದ ಮೇಲಿತ್ತೋ ಹೇಳುವಂತಿರಲಿಲ್ಲ. ಇಂಥದ್ದರಲ್ಲಿ ಸುಳ್ಳು ಹೇಳಿದರೆ ಅವಳು ಅದನ್ನು ಬಹಳ ದಿನ ಇಟ್ಟುಕೊಳ್ಳುತ್ತಾಳೆ.

"ನನಗೆ ಗೊತ್ತಾಗ್ಲಿಲ್ಲ ಕಣಮ್ಮ," ಎಂದೆ.

"ನಂಗೂ," ಎಂದಳು.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬಗ್ಗಿ ತನ್ನ ಕೆನ್ನೆಯನ್ನು ಅವನ ಕೆನ್ನೆಯ ಪಕ್ಕಕ್ಕೆ ತಂದು, ಅವನಿಗೆ ಏನು ಕಾಣುತ್ತಿದೆಯೋ ಅದು ತನಗೂ ಕಾಣಲಿ ಎಂಬಂತೆ ಗಾಜಿನ ಕಡೆ ನೋಡಿದಳು. ಸ್ವಲ್ಪ ದೂರ ಹಾಗೇ ಹೋದೆವು. ಆಗ ಚಿನ್ನು ಅವಳ ತೋರುಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಎಳೆದು, ಗಾಜಿನ ಮೇಲೆ ಒಂದು ಕಡೆ ಒತ್ತಿ ಇಟ್ಟ. ಬಿಡದೆ ಹಿಡಿದುಕೊಂಡ. ಅವನು ಅದುವರೆಗೆ ಯಾರಿಗೂ ಏನನ್ನೂ ತೋರಿಸಿದವನಲ್ಲ.

ಸಿಂಧು ಬೆರಳು ತೆಗೆಯಲಿಲ್ಲ. "ಹೂಂ ಕಂದ," ಎಂದಳು, "ಕಾಣ್ತು."

ಗಾಜಿನ ಆಚೆ ಶಾಂತಿಗ್ರಾಮದ ದೀಪಗಳು ಬರುತ್ತಿದ್ದವು. ಗಾಜಿನ ಮೇಲೆ ನಮ್ಮ ಮುಖಗಳಿದ್ದವು. ನಡುವೆ ಯಾರೂ ಒರೆಸದ ಧೂಳಿತ್ತು. ಅವನು ಅವಳಿಗೆ ತೋರಿಸಿದ್ದು ಇವುಗಳಲ್ಲಿ ಯಾವುದನ್ನು ಎಂದು ನನಗೆ ಗೊತ್ತಿಲ್ಲ.